ಕಿಟಕಿ ತೆರೆಯದ ವಿಮಾನ

ಉಪ್ಪು ಹಾಕಿ ಕುದಿಸಿದ ತೊಗರಿ ಗುಗ್ಗರಿಗೆ ಒಂದು ವಾಸನೆ ಇರುತ್ತದೆ. ಮೊದಲ ಮಳೆ ಬಿದ್ದ ಮಣ್ಣಿನಂತೆಯೂ ಹೌದು, ಆಗತಾನೇ ಕಾಯಿಸಿದ ಹಾಲಿನಂತೆಯೂ ಹೌದು. ಕಾಸಾರಶಿರಸಿಯಲ್ಲಿ ನಾಗನಾಥನ ಅಜ್ಜಿ ಬಂಡಮ್ಮ ಸಂಜೆ ಹೊತ್ತು ಗಡಿಗೆಯ ಮುಚ್ಚಳ ಸರಿಸಿದರೆ, ಆ ವಾಸನೆ ಅಂಗಳ ದಾಟಿ, ಓಣಿ ತಿರುಗಿ, ಗೋಲಿ ಆಡುತ್ತಿದ್ದ ಮೊಮ್ಮಗನನ್ನು ಕಿವಿ ಹಿಡಿದು ಎಳೆದು ತರುತ್ತಿತ್ತು. ಗಂಗಾಳದಲ್ಲಿ ಬಿಸಿ ಗುಗ್ಗರಿ, ಮೇಲೊಂದಿಷ್ಟು ಕುಸುಬೆ ಎಣ್ಣೆ. ಅಜ್ಜಿ ಹೋಗಿ ಬಹಳ ಕಾಲವಾಗಿತ್ತು. ಗಡಿಗೆಯೂ ಒಡೆದಿತ್ತು.

ಆ ಶನಿವಾರ ಬೆಳಿಗ್ಗೆ ಉದಗೀರಿನ ದಾಲ್ ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆಯುವ ಮುನೀಮ ನಾಗನಾಥ ಒಂದು ಪೊಟ್ಟಣ ಒಡೆದ. ಟಾಂಜಾನಿಯಾ ಎಂಬ ದೇಶದಿಂದ ಸ್ಯಾಂಪಲ್ಲಿಗೆಂದು ಬಂದ ತೊಗರಿ. ಕುರಿಯರಿನವನ ಮೋಟಾರ್ ಸೈಕಲ್ಲಿನ ಮೇಲೆ ಬಿಸಿಲು ಕುಡಿದು ಬೆಚ್ಚಗಾಗಿದ್ದ ಆ ಕಾಳನ್ನು ಬೊಗಸೆಯಲ್ಲಿ ತುಂಬಿ ಮೂಗಿಗೆ ಹಿಡಿದದ್ದೇ ತಡ, ಸಮುದ್ರದಾಚೆಯ ಆ ಕಾಳಿನೊಳಗಿಂದ ಬಂಡಮ್ಮನ ಗಡಿಗೆಯ ವಾಸನೆ ಎದ್ದು ಬಂತು. ನಾಗನಾಥನ ಕಣ್ಣಲ್ಲಿ ನೀರು ತುಂಬಿತು. ಪಾಪ, ಅಷ್ಟೇ ಅವನು ಮಾಡಿದ ತಪ್ಪು.

"ಏನಾತೋ ನಾಗನಾಥ?" ಎಂದರು ಮಾಲೀಕರಾದ ವಿಶ್ವನಾಥಪ್ಪ.

"ಏನಿಲ್ರೀ ಮಾಲಕ್ರ. ನಮ್ಮ ಬಂಡಮ್ಮಾಯಿ ನೆನಪಾದ್ಳು."

ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ ಅದು. ಎರಡು ವರ್ಷದಿಂದ ಸುತ್ತಲ ಹೊಲಗಳಲ್ಲಿ ತೊಗರಿ ಮೊಣಕಾಲೆತ್ತರಕ್ಕೇ ಒಣಗುತ್ತಿತ್ತು. ಉದಗೀರಿನ ಮಿಲ್ಲುಗಳ ಯಂತ್ರದ ಮೇಲೆ ಪಾರಿವಾಳಗಳು ಸಂಸಾರ ಹೂಡಿದ್ದವು. ವಿಶ್ವನಾಥಪ್ಪ ಮಾತ್ರ ಒಬ್ಬ ಹಮಾಲನನ್ನೂ ಕೆಲಸದಿಂದ ಬಿಡಿಸಿರಲಿಲ್ಲ. ಇದ್ದ ಖಾಲಿ ಚೀಲಗಳನ್ನೇ ಒಂದು ದಿನ ಈ ಗೋಡೆಗೆ, ಮರುದಿನ ಆ ಗೋಡೆಗೆ ಜೋಡಿಸಲು ಹೇಳಿ ಎಲ್ಲರಿಗೂ ಪಗಾರ ಕೊಡುತ್ತಿದ್ದರು. ಹೀಗೇ ನಡೆದರೆ ಮಿಲ್ಲು ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಊರಲ್ಲಿ ಬೆಳೆಯದ ತೊಗರಿಯನ್ನು ಬೆಳೆಯುವ ಊರಿನಿಂದಲೇ ತರಬೇಕು, ದಲಾಲರ ಕೈಗೆ ಸಿಗದೆ ಅಲ್ಲೇ ಒಂದು ಆಫೀಸು ತೆರೆದು ನೇರವಾಗಿ ಕೊಳ್ಳಬೇಕು ಎಂದು ಅವರು ತಿಂಗಳಿಂದ ಲೆಕ್ಕ ಹಾಕುತ್ತಿದ್ದರು. ಅಲ್ಲಿಗೆ ಕಳಿಸಲು ಮನುಷ್ಯ ಮಾತ್ರ ಸಿಕ್ಕಿರಲಿಲ್ಲ. ಈಗ ಅವರು ತೊಡೆ ತಟ್ಟಿಕೊಂಡರು.

"ನೋಡ್ರಿ ಅಯ್ಯಾರ. ಇಷ್ಟು ಮಂದಿ ದಲಾಲರು ಮೂಸಿ ಮೂಸಿ ಚಲೋ ಅದ, ಚಲೋ ಅದ ಅಂದ್ರು. ಒಬ್ಬಾನ ಕಣ್ಣಾಗರ ನೀರು ಬಂತೇನು? ಮಾಲಿನ ಪರೀಕ್ಷಾ ಅಂದ್ರ ಇದು."

ಅಯ್ಯಾರು ಅಂದರೆ ರಾಚಯ್ಯನವರು. ಮಿಲ್ಲಿನ ದುಡ್ಡಿನಲ್ಲಿ ಬರುವ ಮರಾಠಿ ಪೇಪರನ್ನು ದಿನಾ ಬೆಳಿಗ್ಗೆ ಮಿಲ್ಲಿನ ಕುರ್ಚಿಯಲ್ಲೇ ಕೂತು, ಮಿಲ್ಲಿನ ಚಹಾ ಕುಡಿಯುತ್ತಾ ಓದಿ ಮುಗಿಸುವ ನೆರೆಮನೆಯವರು. ಅವರು ಪೇಪರು ಕೆಳಗಿಳಿಸಿ ನಾಗನಾಥನನ್ನು ನೋಡಿದರು.

"ಈ ಬರದಾಗ ಅಷ್ಟು ನೀರು ಎಲ್ಲಿ ಇಟ್ಟಿದ್ಯೋ ನಾಗನಾಥ? ನಮ್ಮ ಬಾವ್ಯಾಗರ ಒಂದೀಟು ಅಳು ಬಾ."

"ಚೇಷ್ಟಿ ಸಾಕು ಅಯ್ಯಾರ. ನಾಗನಾಥ, ನೀನೇ ಟಾಂಜಾನಿಯಾಕ್ಕ ಹೋಗು. ಅಲ್ಲಿ ಆಫೀಸು ತೆಗೀ, ಮುಂದಿನ ಸುಗ್ಗಿ ತನಕ ಕುಂದ್ರು. ದುಬೈ ಪ್ರದರ್ಶನಕ್ಕಂತ ಮಾಡಿಸಿದ್ದ ಪಾಸ್‌ಪೋರ್ಟು ಇದ್ದೇ ಅದ."

ನಾಗನಾಥನ ಬೊಗಸೆಯಿಂದ ತೊಗರಿ ಸುರಿದು ಟೇಬಲ್ಲಿನ ತುಂಬ ಉರುಳಾಡಿತು.

ನಾಗನಾಥ ಹೇಡಿಯಲ್ಲ. ಹಾವು ಹೊಡೆದಿದ್ದ. ಸೇಲ್ಸ್ ಟ್ಯಾಕ್ಸಿನವರ ಎದುರು ಕಣ್ಣು ಮಿಟುಕಿಸದೆ ಕೂತಿದ್ದ. ಆದರೆ ಗಾಲಿಯ ಮೇಲೆ ಕೂತರೆ ಅವನ ಹೊಟ್ಟೆ ಅವನ ಮಾತು ಕೇಳುತ್ತಿರಲಿಲ್ಲ. ಉದಗೀರಿನಿಂದ ನಿಲಂಗಾಕ್ಕೆ ಹೋಗುವ ಎಸ್‌ಟಿ ಬಸ್ಸಿನ ಕಂಡಕ್ಟರುಗಳೆಲ್ಲ ಅವನನ್ನು ಬಲ್ಲರು. ಅವನು ಹತ್ತಿದ ಕೂಡಲೇ ಕಿಟಕಿಯ ಪಕ್ಕ ಕೂತವರನ್ನು ಎಬ್ಬಿಸಿ, "ಬಸ್ಸು ತೊಳಿಯೂದು ಯಾರಿಗಿ ಬೇಕಾಗ್ಯಾದ ಮಾವಶಿ, ಆ ಕಡಿ ಸರೀರಿ" ಎಂದು ಜಾಗ ಮಾಡಿಕೊಡುತ್ತಿದ್ದರು. ಒಂದು ಕೈಯಲ್ಲಿ ಲಿಂಬೆಹಣ್ಣು, ತಲೆ ಪೂರ್ತಿ ಕಿಟಕಿಯ ಹೊರಗೆ. ಹಾಗೆ ಹೋದರೂ ಉಮರ್ಗಾದಲ್ಲಿ ತನ್ನ ಸ್ವಂತ ಷಡ್ಡಕನ ಮದುವೆಯನ್ನು ಬೇವಿನ ಮರದ ಕೆಳಗೆ ಮಲಗಿಕೊಂಡೇ ಮುಗಿಸಿದ್ದ. ದುಬೈ ಪ್ರದರ್ಶನದ ಹೊತ್ತಿಗೆ ಸಮಯಕ್ಕೆ ಸರಿಯಾಗಿ ಹೊಟ್ಟೆನೋವು ತರಿಸಿಕೊಂಡು ಉಳಿದಿದ್ದ. ಪಾಸ್‌ಪೋರ್ಟು ಅಲಮಾರಿಯಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು.

"ಮಾಲಕ್ರ," ಎಂದ ನಾಗನಾಥ, "ವಿಮಾನದ ಕಿಡಕಿ ತೆರೀತಾವೇನ್ರೀ?"

ಅಷ್ಟರಲ್ಲಿ ಪಕ್ಕದ ಕಾಳುಕಡಿಯ ಅಡತ ಅಂಗಡಿಯ ಮಾಣಿಕಪ್ಪ ಒಳಗೆ ಬಂದಿದ್ದ. ಬರಗಾಲದಿಂದ ಅವನ ಅಂಗಡಿಯಲ್ಲೂ ತಕ್ಕಡಿಗೆ ಕೆಲಸವಿರಲಿಲ್ಲ. ಹೀಗಾಗಿ ಊರಿನ ಎಲ್ಲರ ಕೆಲಸವೂ ಅವನದೇ ಆಗಿತ್ತು.

"ತೆರಿಯಂಗಿಲ್ಲ," ಎಂದ ಮಾಣಿಕಪ್ಪ. "ನನ್ನ ಭಾಚಾ, ನಮ್ಮಕ್ಕನ ಮಗ, ಹೋಗಿ ಬಂದಾನ. ಇಲ್ಲಿ ಮುಚ್ಚಿದ್ರ ಅಲ್ಲೇ ಬಾಗಿಲಾ ತೆಗಿಯೂದು. ಆದ್ರ ಚಿಂತಿ ಮಾಡಬ್ಯಾಡ, ಮುಂದಿನ ಸೀಟಿನ ಹಿಂದ ಒಂದು ಕಾಗದದ ಚೀಲ ಇಟ್ಟಿರ್ತಾರ."

"ಒಂದೇ ಏನು?"

"ಪಕ್ಕದಂವಂದು ಇಸ್ಕೊ."

ನಾಗನಾಥ ಕೂತುಬಿಟ್ಟ. ಹಾಗೆ ಕೂತಾಗಲೇ ಅವನಿಗೆ ವ್ಯಾಪಾರಿಗಳ ಸಂಘದ ಭಾಷಣ ನೆನಪಾಯಿತು. ಆ ಭಾಷಣಕ್ಕೆ ಅವನು ಹೋಗಿದ್ದು ಕೊನೆಗೆ ಕೊಡುವ ಅವಲಕ್ಕಿ ಚಿವಡಾಕ್ಕಾಗಿ. ಪುಣೆಯ ಒಂದು ಏಜೆನ್ಸಿಯವರು ಬಂದು, ಪರದೇಶದಲ್ಲಿ ದಂಧೆ ತೆರೆಯುವವರು ತಾವೇ ಹೋಗಬೇಕಾಗಿಲ್ಲ, ಜನರನ್ನು ಕೆಲಸಕ್ಕೆ ಹಚ್ಚುವುದು, ಪಗಾರ ಹಂಚುವುದು ಎಲ್ಲ ತಮ್ಮ ಏಜೆನ್ಸಿಗೆ ವಹಿಸಿದರೆ ಸಾಕು ಎಂದು ಹೇಳಿದ್ದರು. ಅವರು ಕೊಟ್ಟ ಕಾರ್ಡನ್ನು ನಾಗನಾಥ ಹಲ್ಲಿನ ಸಂದಿಯ ಶೇಂಗಾ ತೆಗೆಯಲು ಬಳಸಿ, ಆಮೇಲೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಮೂಲೆ ಮೆತ್ತಗಾಗಿದ್ದರೂ ನಂಬರು ಉಳಿದಿತ್ತು.

"ಮಾಲಕ್ರ, ನಾ ಹೋಗೂದು ನನಗೇನು ತ್ರಾಸಿಲ್ಲ," ಎಂದು ಶುರು ಮಾಡಿದ. ಅವನ ಜನ್ಮದಲ್ಲಿ ಅಷ್ಟು ಉದ್ದ ಅವನು ಎಂದೂ ಮಾತಾಡಿರಲಿಲ್ಲ. "ಖರೆ, ಅಲ್ಲಿ ಭಾಷಾ ನನಗ ಗೊತ್ತಿಲ್ಲ, ರಸ್ತಾ ಗೊತ್ತಿಲ್ಲ. ಆ ದೇಶದ ಕಾಯ್ದೆ ಗೊತ್ತಿಲ್ಲ. ಅಲ್ಲೇ ಹುಟ್ಟಿದಂವಾ ಒಬ್ಬಾಂವ ಸಿಕ್ಕರ ನಿಮಗ ಎಷ್ಟು ಸವಲತ್ತು ನೋಡ್ರಿ." ಕಾರ್ಡನ್ನು ಧೋತರಕ್ಕೆ ಒರೆಸಿ ಮುಂದಿಟ್ಟ.

ವಿಶ್ವನಾಥಪ್ಪ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಫೋನನ್ನು ತೊಗರಿಯ ರಾಶಿಯ ಮೇಲೆ ಇಟ್ಟರು.

ಆ ಕಡೆಯಿಂದ ಇಂಗ್ಲಿಷಿನಲ್ಲಿ ಶುರುವಾದ ಹೆಣ್ಣು ದನಿ ಉದಗೀರು ಎಂದ ಕೂಡಲೇ ಮರಾಠಿಗೆ ಇಳಿದು, ವಿಶ್ವನಾಥಪ್ಪ "ಆಂ?" ಎಂದ ರೀತಿ ಕೇಳಿ ಕನ್ನಡಕ್ಕೆ ಬಂತು. "ಕಾಕಾ, ನಾ ಮುರುಮದಾಕಿ. ಚಂದ್ರಭಾಗಾ. ಆರಾಮ ಮಾತಾಡ್ರಿ."

ಆಫೀಸಿನೊಳಗೆ ಒಮ್ಮೆಲೇ ಗಾಳಿ ಬಂದಂತಾಯಿತು. ಮುರುಮದ ಯಾರ ಮಗಳು, ಯಾವ ಓಣಿ, ಕಬ್ಬಿನ ಕಾರಖಾನೆಯ ಆ ಕಡೆಯೋ ಈ ಕಡೆಯೋ ಎಂಬುದೆಲ್ಲ ತೀರ್ಮಾನವಾದ ಮೇಲೆ ಕೆಲಸದ ಮಾತು ಬಂತು.

"ನೀವು ಅಲ್ಲಿ ಕಂಪನಿ ತೆಗಿಯೂದು ಬ್ಯಾಡ ಕಾಕಾ. ತೆಗಿಯೂದಂದ್ರ ವರ್ಷ ಹಿಡಿತದ. ನಮ್ಮದು ಅಲ್ಲಿ ಮೊದಲೇ ಅದ. ನಿಮಗ ಬೇಕಾದ ಮನಿಷ್ಯಾನ್ನ ನಾವು ನಮ್ಮ ಹೆಸರಿಲೆ ಹಚ್ಚಿಕೊಂತೀವಿ. ನೇಮಕದ ಪತ್ರ, ತಿಂಗಳ ಪಗಾರ, ಅಲ್ಲಿ ಸರಕಾರದ ಟ್ಯಾಕ್ಸು, ಪಿಂಚಣಿ, ರಜಾ, ಎಲ್ಲಾ ನಾವು ನೋಡ್ತೀವಿ. ಅಂವಾ ದಿನಾ ಕೆಲಸ ಮಾತ್ರ ನಿಮ್ಮದು ಮಾಡ್ತಾನ. ತಿಂಗಳಿಗಿ ನೀವು ನಮಗ ಒಂದೇ ಬಿಲ್ಲು ಕೊಟ್ರ ಆತು."

"ಹಂಗಾದ್ರ ಅಂವಾ ಯಾರ ಆಳು?" ವಿಶ್ವನಾಥಪ್ಪ ಕೇಳಿದರು.

"ಕಾಗದದ ಮ್ಯಾಲ ನಮ್ಮಂವ, ಕೆಲಸದಾಗ ನಿಮ್ಮಂವ."

ಇದು ವಿಶ್ವನಾಥಪ್ಪನವರಿಗೆ ತಿಳಿಯಲಿಲ್ಲ. ಮಾಣಿಕಪ್ಪ ಬಿಡಿಸಿ ಹೇಳಿದ: "ಬ್ಯಾರೇದವರ ದನದ ಕೊಟ್ಟಿಗ್ಯಾಗ ನಮ್ಮ ಎಮ್ಮಿ ಕಟ್ಟಿದಂಗ. ಹಗ್ಗ ಅವರ ಕೈಯಾಗ, ಮೇವು ಅವರದು, ಜಡ್ಡಾದ್ರ ಡಾಕ್ಟರನೂ ಅವರೇ ಕರೀತಾರ. ಹಾಲು ನಮ್ಮ ಮನಿಗಿ ಬರ್ತದ."

"ಎಮ್ಮಿ ಅನಬ್ಯಾಡ್ರಿ ಕಾಕಾ, ಕೇಳಿಸಿಕೊಂಡ್ರ ಅಂವಾ ಬ್ಯಾಸರ ಮಾಡ್ಕೊಂತಾನ," ಎಂದಳು ಚಂದ್ರಭಾಗಾ. "ನೀವು ನಿಮ್ಮ ಮಿಲ್ಲಿಗಿ ಹೆಂಗ ಆಳು ಹಚ್ಚಿಕೊಂತೀರಿ?"

"ನಮ್ಮದೇನ್ ಇಲ್ಲವಾ. ಮನಿಗಿ ಕರ್ಕೊಂಡು ಹೋಗ್ತೀವಿ, ಉಣ್ಣಾಕ ನೀಡ್ತೀವಿ, ಅವ್ವ ನೋಡ್ತಾಳ. ಉಂಡು ಎದ್ದ ಮ್ಯಾಲ ನಮ್ಮಂವ," ಎಂದರು ವಿಶ್ವನಾಥಪ್ಪ.

ಆ ಕಡೆ ಚಂದ್ರಭಾಗಾ ನಕ್ಕಳು. ನಾಗನಾಥನೂ ನಕ್ಕ. ಆ ಮಾತು ಅಲ್ಲಿಗೆ ದಾಟಿ ಹೋಯಿತು.

ಒಬ್ಬ ಮನುಷ್ಯ ಅವಳ ಬಳಿ ಆಗಲೇ ಇದ್ದ. ಬರಾಕಾ ಅಂತ ಹೆಸರು. ದಾರ್ ಎಸ್ ಸಲಾಮಿನ ಬಂದರಿನ ಬಳಿ ಕಾಳುಕಡಿಯ ಗೋದಾಮಿನಲ್ಲಿ ಕೆಲಸ ಮಾಡಿದವನು, ಹಿಂದಿ ಬಲ್ಲವನು. ಮಧ್ಯಾಹ್ನ ಅವನನ್ನು ಫೋನಿನ ಪರದೆಯ ಮೇಲೇ ತೋರಿಸುತ್ತೇನೆ, ಮಾತಾಡಿ ನೋಡಿ, ಪಸಂದ ಬಂದರೆ ಈ ತಿಂಗಳೇ ಹಚ್ಚಿಕೊಳ್ಳೋಣ ಎಂದಳು.

ನಾಗನಾಥ ಗೋಡೆಯ ಮಾಡಿನಲ್ಲಿದ್ದ ಬಸವಣ್ಣನ ಫೋಟೋಕ್ಕೆ ಕೈ ಮುಗಿದ.

ಮಿಲ್ಲಿನಲ್ಲಿ ಫೋನಿನ ರೇಂಜು ಸರಿಯಾಗಿ ಸಿಗುವ ಜಾಗ ಒಂದೇ, ತೊಗರಿ ಒಣಗಿಸುವ ಮಾಳಿಗೆ. ಮಧ್ಯಾಹ್ನದ ಬಿಸಿಲಿಗೆ ಅದು ರೊಟ್ಟಿಯ ಹಂಚಿನಂತೆ ಕಾದಿತ್ತು. ವಿಶ್ವನಾಥಪ್ಪ ಛತ್ರಿ ಹಿಡಿದು ಕುರ್ಚಿಯಲ್ಲಿ ಕೂತರು. ರಾಚಯ್ಯ, ಮಾಣಿಕಪ್ಪ ಆ ಛತ್ರಿಯೊಳಗೆ ತಲೆ ಮಾತ್ರ ತೂರಿಸಿದರು. ಫೋನು ಹಿಡಿದ ನಾಗನಾಥನಿಗೆ ನೆರಳು ಇರಲಿಲ್ಲ. ಕಾಲು ಸುಡುತ್ತಿದ್ದರಿಂದ ಅವನು ಒಂದೊಂದೇ ಕಾಲಿನ ಮೇಲೆ ನಿಲ್ಲುತ್ತಿದ್ದ. ಬರಾಕಾನಿಗೆ ಉದಗೀರು ಇಡೀ ತೊಟ್ಟಿಲಿನಲ್ಲಿ ತೂಗಿದಂತೆ ಕಂಡಿರಬೇಕು.

ಪರದೆಯ ಮೇಲೆ ಬಿಳಿ ಅಂಗಿಯ, ಅಗಲ ನಗುವಿನ ಒಬ್ಬಾತ ಕಾಣಿಸಿಕೊಂಡು ನಮಸ್ಕಾರ ಮಾಡಿದ. ಅವನ ಹಿಂದಿ ಮಾಣಿಕಪ್ಪನ ಹಿಂದಿಗಿಂತ ಚೊಕ್ಕವಾಗಿತ್ತು. ಮೂಲೆಯಲ್ಲಿ ಚಂದ್ರಭಾಗಾಳ ಸಣ್ಣ ಮುಖವೂ ಇತ್ತು.

"ಅಂವನ ನಕ್ಷತ್ರ ಯಾವುದು ಕೇಳ್ರಿ," ಎಂದರು ರಾಚಯ್ಯ.

"ಅದೆಲ್ಲಾ ಕೇಳೋ ಹಂಗಿಲ್ಲ ಅಯ್ಯಾರ, ಕಾಯ್ದೆ ಅಡ್ಡ ಬರ್ತದ," ಎಂದಳು ಚಂದ್ರಭಾಗಾ.

"ಹೋಗ್ಲಿ, ಹೆಂಡತಿ ತವರು ಹತ್ರ ಅದಯೋ ದೂರ ಅದಯೋ?" ಇದು ಮಾಣಿಕಪ್ಪ. "ಅತ್ತಿಮನಿ ಹತ್ರ ಇದ್ದಂವಾ ರಜಾ ಭಾಳ ತಗೊಂತಾನ."

"ಮದುವಿ ವಿಷಯನೂ ಕೇಳಂಗಿಲ್ಲ ಕಾಕಾ."

"ಮತ್ತೇನ್ ಕೇಳಬೇಕವಾ?"

"ಕೆಲಸ ಬರ್ತದೋ ಇಲ್ಲೋ ಕೇಳ್ರಿ."

"ಅಷ್ಟೇ ಕೇಳಿ ಯಾರರ ಆಳು ಹಚ್ಚಿಕೊಂತಾರೇನು?" ಮಾಣಿಕಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ವಿಶ್ವನಾಥಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಒಂದು ತೊಗರಿ ಕಾಳು ಕಡಿದು ತೋರಿಸು ಎಂದು ಹಿಂದಿಯಲ್ಲಿ ಹೇಳಿದರು. ಹಸಿ ಉಳಿದ ಕಾಳು ಹಲ್ಲಿಗೆ ಮೆತ್ತಗೆ ಮಣಿಯುತ್ತದೆ, ಒಣಗಿದ ಕಾಳು ಸದ್ದು ಮಾಡುತ್ತದೆ. ಬರಾಕಾ ಹಿಂದಿನ ಚೀಲದಿಂದ ಒಂದು ಕಾಳು ತೆಗೆದು ಬಾಯಿಗಿಟ್ಟ. ಉದಗೀರಿನ ಮಾಳಿಗೆಯ ಮೇಲೆ ನಾಲ್ಕು ಜನ ಉಸಿರು ಬಿಗಿಹಿಡಿದು, ಸಮುದ್ರದಾಚೆಯ ಒಂದು ದವಡೆಗೆ ಕಿವಿಗೊಟ್ಟರು.

ಸದ್ದು ಬರಲಿಲ್ಲ. ಚಿತ್ರವೇ ನಿಂತುಬಿಟ್ಟಿತು. ಬರಾಕಾ ಬಾಯಿ ತೆರೆದುಕೊಂಡು ಹಾಗೇ ಶಿಲೆಯಾದ.

ಇವನು ಪಾಸಾಗದಿದ್ದರೆ ಕಿಟಕಿ ತೆರೆಯದ ಆ ಗಾಡಿಯಲ್ಲಿ ನಾಗನಾಥನೇ ಕೂರಬೇಕು. ರೇಂಜಿಗಾಗಿ ಅವನು ಕೈಯೆತ್ತಿ ಮಾಳಿಗೆಯ ಈ ತುದಿಯಿಂದ ಆ ತುದಿಗೆ ಓಡಿದ. ಅದೇ ಹೊತ್ತಿಗೆ ಕೆಳಗೆ ಓಣಿಯಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು. ವಾರಕ್ಕೊಮ್ಮೆ ಬರುವ ನೀರು. ಕೊಡ, ಡ್ರಮ್ಮು, ಬೋಗುಣಿ ಎಲ್ಲ ಓಡಿದವು. ಅವನ ಮನೆಯೂ ಅದೇ ಓಣಿಯ ಕೊನೆಯಲ್ಲಿತ್ತು. ಪ್ರತಿ ಸಲ ಪೈಪು ಹಿಡಿಯುವವನು ಅವನೇ. ಈ ಕೈಯಲ್ಲಿ ಟಾಂಜಾನಿಯಾ, ಆ ಕಡೆ ಮನೆಯ ವಾರದ ನೀರು. ಅವನು ಮಾಳಿಗೆಯ ಅಂಚಿಗೆ ಬಂದು ಬಾಗಿ ನೋಡಿದ. ಅಲ್ಲೇ ರೇಂಜು ಬಂತು.

"ಕಟ್."

ಅಷ್ಟು ಸ್ಪಷ್ಟವಾಗಿ ಕೇಳಿಸಿತು, ಪಕ್ಕದಲ್ಲೇ ಕಡಿದಂತೆ. ವಿಶ್ವನಾಥಪ್ಪನವರ ಮುಖ ಅರಳಿತು. "ಒಣಗ್ಯಾದ. ಆದ್ರ ಇನ್ನೂ ಒಂದು ದಿನದ ಬಿಸಿಲು ಬೇಕು," ಎಂದರು.

"ಏಕ್ ದಿನ್ ಔರ್ ಧೂಪ್ ಚಾಹಿಯೇ, ಸೇಠ್‌ಜೀ," ಎಂದು ಆ ಕಡೆಯಿಂದ ಬರಾಕಾ ಅದನ್ನೇ ಹೇಳಿದ, ಅವರ ಕನ್ನಡ ಒಂದಕ್ಷರವೂ ತಿಳಿಯದೆ.

ಮುಗಿಯಿತು. ಮಾಲೀಕರು ಅವನಿಗೆ ಸೋತುಹೋದರು. ನಾಗನಾಥನಿಗೆ ಆ ಅಪರಿಚಿತನನ್ನು ಅಪ್ಪಿಕೊಳ್ಳಬೇಕೆನಿಸಿತು. ಕೆಳಗೆ ನೋಡಿದರೆ ಪಕ್ಕದ ಮನೆಯ ಸರುಬಾಯಿ ತನ್ನ ಕೊಡ ಬದಿಗಿಟ್ಟು, ಅವನ ಮನೆಯ ಡ್ರಮ್ಮಿಗೆ ಪೈಪು ಹಿಡಿದು ನಿಂತಿದ್ದಳು.

ಆಗ ಮೆಟ್ಟಿಲಲ್ಲಿ ಕೋಲಿನ ಸದ್ದಾಯಿತು. ವಿಶ್ವನಾಥಪ್ಪನವರ ತಾಯಿ ಶಿವಗಂಗಾಬಾಯಿ ಸೆರಗನ್ನು ತಲೆತುಂಬ ಹೊದ್ದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಯಾವ ಅವಸರದಲ್ಲೂ ಸೊಂಟದ ಬೀಗದಕೈ ಸದ್ದು ಮಾಡದ ಹಾಗೆ ನಡೆಯುವವರು. ಅವರು ಪರದೆಯ ಹತ್ತಿರ ಕಣ್ಣು ತಂದು ಬರಾಕಾನನ್ನು ಬಹಳ ಹೊತ್ತು ನೋಡಿದರು.

"ಹೆಸರು?"

"ಬರಾಕಾ ಅಂತ್ರೀ ಅವ್ವಾರ. ಆಶೀರ್ವಾದ ಅಂತ ಅರ್ಥ ಅಂತ," ಎಂದ ನಾಗನಾಥ.

"ಬರಕತ್ ಇದ್ದ ಹೆಸರು. ಮಾರಿನೂ ಚಲೋ ಅದ. ಸೊರಗ್ಯಾನ." ಮಗನ ಕಡೆ ತಿರುಗಿದರು. "ಊಟಕ್ಕ ಯಾವಾಗ ಬರ್ತಾನ?"

ವಿಶ್ವನಾಥಪ್ಪ ಛತ್ರಿಯನ್ನು ಸ್ವಲ್ಪ ಕೆಳಗಿಳಿಸಿ ಅದರೊಳಗೆ ಮುಖ ಮರೆಮಾಡಿಕೊಂಡರು.

"ಅವ್ವ, ಅಂವಾ ಏಳು ಸಮುದ್ರದ ಆ ಕಡಿ ಇದ್ದಾನ. ಹಚ್ಚಿಕೊಳ್ಳೂದೂ ಏಜೆನ್ಸಿಯವರೇ, ಪಗಾರ ಕೊಡೂದೂ ಅವರೇ."

"ಪಗಾರ ಯಾರರ ಕೊಡ್ಲಿ. ಊಟ ಯಾರು ಕೊಡ್ತಾರ?" ಅವರ ದನಿ ಏರಲಿಲ್ಲ. "ನಿಮ್ಮಪ್ಪ ಈ ಮಿಲ್ಲು ತೆಗೆದಾಗಿನಿಂದ ಈ ಮನ್ಯಾಗ ಉಣದಂವಾ ಒಬ್ಬಾನರ ಮಿಲ್ಲಿನಾಗ ಚೀಲ ಎತ್ಯಾನೇನು? ಶನಿವಾರ ಒಪ್ಪತ್ತು ಅಂದ ಡ್ರೈವರನ್ನ ಐತವಾರದ ತನಕ ನಿಲ್ಲಿಸಿ ಉಣ್ಣಿಸಿ ಹಚ್ಚಿಕೊಂಡೀವಿ. ಬರಗಾಲ ಬಂದಾಗ ಮಂದಿ ಇಲ್ಲಿ ಬಿಟ್ಟು ಯಾಕ ಹೋಗಿಲ್ಲ ಅಂತೀ? ನಿನ್ನ ಪಗಾರಕ್ಕೇನು?"

ಹಮಾಲರು ಇನ್ನೊಂದು ಊರಿನಲ್ಲಿ ಹೆಚ್ಚು ಕೊಡುತ್ತೇವೆಂದರೂ ಹೋಗಿರಲಿಲ್ಲವೆಂಬುದು ನಿಜವೇ ಆಗಿತ್ತು. ವಿಶ್ವನಾಥಪ್ಪ ಐವತ್ತು ದಾಟಿದ ಮನುಷ್ಯ, ಆದರೂ ತಾಯಿಯ ಎದುರು ಎರಡನೇ ಮಾತು ಆಡಿದವರಲ್ಲ. ಅವರು ಫೋನಿನ ಕಡೆ ನೋಡಿದರು. "ಚಂದ್ರಭಾಗಾ, ಅಂವನ್ನ ಒಂದು ದಿನದ ಮಟ್ಟಿಗಿ ಇಲ್ಲಿಗಿ ಕಳಸಾಕ ಬರ್ತದೇನವಾ?"

"ವೀಸಾ ಆಗಾಕ ಭಾಳ ದಿನ ಹಿಡಿತದ ಕಾಕಾ. ಅಷ್ಟರಾಗ ಅಲ್ಲಿ ಸುಗ್ಗಿ ಮುಗೀತದ."

"ಹಂಗಾದ್ರ ಬಿಡ್ರಿ," ಎಂದು ವಿಶ್ವನಾಥಪ್ಪ ನಿಟ್ಟುಸಿರು ಬಿಟ್ಟರು. "ನಾಗನಾಥನೇ ಹೋಗ್ಲಿ. ಅಂವಾ ಉಂಡಾಂವ."

ಬಿಸಿಲಿನಲ್ಲೂ ನಾಗನಾಥನಿಗೆ ಚಳಿ ಹತ್ತಿತು. ಮುಳುಗುವವನು ಕೈ ಬಡಿಯುವ ಹಾಗೆ ಅವನ ಬುದ್ಧಿ ಬಡಿದಾಡಿತು. ಬಾಯಿಂದ ಮಾತು ತಾನೇ ಹೊರಬಿತ್ತು.

"ಅವ್ವಾರ, ಅಂವಾ ಊಟಕ್ಕ ಬರಲಿಕ್ಕಾಗದಿದ್ರ ಊಟನೇ ಅಂವನ ಕಡಿ ಹೋದ್ರ ಹೆಂಗ? ನಿಮ್ಮ ಕೈಲೆ ಬಡಿದ ಕಡಕ್ ರೊಟ್ಟಿ ತಿಂಗಳಾದ್ರೂ ಕೆಡಂಗಿಲ್ಲ. ಶೇಂಗಾ ಹಿಂಡಿ ಚಟ್ನಿ ಅದ, ಕಾರೆಳ್ಳಿನ ಹಿಂಡಿ ಅದ. ನಿಮ್ಮ ಒಲಿದು, ನಿಮ್ಮ ಹಿಟ್ಟಿಂದು. ಎಲ್ಲಿ ಕುಂತು ಉಂಡ್ರೇನು, ಮನಿ ಊಟ ಮನಿ ಊಟಾನೇ."

ಶಿವಗಂಗಾಬಾಯಿ ಅವನನ್ನು ನೋಡಿದರು. ಆ ನೋಟದಲ್ಲಿ ಮೆಚ್ಚಿಗೆ ಇತ್ತು. "ಈ ಮಾತು ನನಗ ಹೊಳಿಲಿಲ್ಲ ನೋಡು. ಶಾಣ್ಯಾ ಇದ್ದಿ."

ಆ ಕಡೆಯಿಂದ ಚಂದ್ರಭಾಗಾಳ ದನಿ ಸ್ವಲ್ಪ ತೊಡರಿತು. "ನಮ್ಮಜ್ಜಿನೂ ಹಂಗೇ ಇದ್ಲು ಅವ್ವಾರ. ಕಾಕಾ, ಊಟದ ಖರ್ಚು ನಮ್ಮ ಬಿಲ್ಲಿನಾಗ ಹಾಕಂಗಿಲ್ಲ, ಖರೆ ಕರಾರಿನಾಗ ಒಂದು ಮಾತು ಸೇರಿಸ್ತೀನಿ. ಕೆಲಸಕ್ಕ ಹಾಜರಾಗೂ ಮೊದಲ ಮಾಲಕರ ಮನಿ ಊಟ ಒಂದು ಸಲ. ಸಂಜಿಗಿ ಬರಕೊಂಡು ಕಳಸ್ತೀನಿ."

ಇದನ್ನೆಲ್ಲ ಹಿಂದಿಯಲ್ಲಿ ಹೇಳಿಸಿಕೊಂಡ ಬರಾಕಾ ತನ್ನ ಎದೆಯ ಮೇಲೆ ಕೈಯಿಟ್ಟು ಬಾಗಿದ. ತಾನು ಇದುವರೆಗೆ ಮೂರು ಕಂಪನಿಯಲ್ಲಿ ದುಡಿದಿದ್ದೇನೆ, ಊಟ ಮಾಡಿದೆಯಾ ಎಂದು ಕೇಳಿದವರು ಇವರೇ ಮೊದಲು ಎಂದ.

ನಾಗನಾಥ ಮನೆಗೆ ನಡೆದುಹೋದದ್ದಲ್ಲ, ತೇಲಿ ಹೋದದ್ದು. ಆದರೆ ಅವನಿಗಿಂತ ಮೊದಲೇ ಸುದ್ದಿ ಹೋಗಿತ್ತು. ಬೆಳಗಿನ ಅರ್ಧ ಸುದ್ದಿ ಮಾತ್ರ. ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತು ಅವನ ಹೆಂಡತಿ ಕುಸುಮಬಾಯಿಗೆ ಸಮಾಧಾನ ಹೇಳುತ್ತಿದ್ದರು. ಆ ದೇಶದಲ್ಲಿ ಬಿಸಿಲು ಇನ್ನೂ ಜೋರೆಂದು ಒಬ್ಬಳು ಛತ್ರಿ ತಂದಿದ್ದಳು, ಚಳಿ ಇರಬಹುದೆಂದು ಇನ್ನೊಬ್ಬಳು ಗಂಡನ ಸ್ವೆಟರು. ಎರಡನ್ನೂ ಕುಸುಮಬಾಯಿ ಮಡಿಲಲ್ಲಿ ಇಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಾ ಎಲ್ಲೂ ಹೋಗಂಗಿಲ್ಲ," ಎಂದ ನಾಗನಾಥ ಹೊಸ್ತಿಲಲ್ಲಿ ನಿಂತು, ಚುನಾವಣೆ ಗೆದ್ದವನ ಹಾಗೆ. "ಎಲ್ಲಾ ಏಜೆನ್ಸಿಗಿ ಒಪ್ಪಿಸೀನಿ."

ಹೆಂಗಸರ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು. ಛತ್ರಿಯೂ ಸ್ವೆಟರೂ ವಾಪಸು ಹೋದವು. ಎಲ್ಲರೂ ಎದ್ದ ಮೇಲೆ ಸರುಬಾಯಿ ಬಾಗಿಲಲ್ಲಿ ತಿರುಗಿ, "ಡ್ರಮ್ಮು ತುಂಬ್ಯಾದ ನೋಡ್ರಿ. ನೀವು ಹೊಂಟೀರಿ ಅಂತ ಮೊದಲ ನಿಮ್ಮದು ತುಂಬೀನಿ," ಎಂದಳು.

"ಹೋಗ್ಲಿಲ್ಲಲ್ಲ ಸರು, ನಿನ್ನ ಕೊಡ ಖಾಲಿ ಉಳೀತಲ್ಲ," ಎಂದಳು ಕುಸುಮಬಾಯಿ ಸಂಕೋಚದಿಂದ, ಮತ್ತು ಎರಡು ಕೊಡ ತುಂಬಿ ಅವಳ ಮನೆಗೆ ತಾನೇ ಇಟ್ಟು ಬಂದಳು. ನಾಗನಾಥ ಉಣ್ಣದೆಯೇ ಚಾಪೆಯ ಮೇಲೆ ಒರಗಿದ. ಸಂತೋಷಕ್ಕೆ ಹಸಿವೆ ಹೋಗಿತ್ತು. ಕಿಟಕಿಗಳೆಲ್ಲ ತೆರೆದ ಮನೆಯಲ್ಲಿ, ಅಲ್ಲಾಡದ ನೆಲದ ಮೇಲೆ, ಅವನು ಹಾಯಾಗಿ ನಿದ್ದೆ ಮಾಡಿದ.

ದೀಪ ಹಚ್ಚುವ ಹೊತ್ತಿಗೆ ಮಾಲೀಕರ ಮನೆಯಿಂದ ಕರೆ ಬಂತು. ಅಡುಗೆಮನೆಯಿಂದ ಜೋಳದ ಹಿಟ್ಟು ಸುಟ್ಟ ವಾಸನೆ, ಹುರಿದ ಶೇಂಗಾದ ವಾಸನೆ. ಶಿವಗಂಗಾಬಾಯಿ ಒಲೆಯ ಮುಂದಿನಿಂದ ಎದ್ದು ಬಂದು, ಬಿಳಿ ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಬುತ್ತಿಯನ್ನು ಅವನ ಎರಡೂ ಕೈಗೆ ಇಟ್ಟರು. ಇನ್ನೂ ಬಿಸಿಯಿತ್ತು.

ನಾಗನಾಥನ ಮನಸ್ಸು ಕರಗಿತು. ಮಧ್ಯಾಹ್ನ ತಾನು ಉಂಡಿಲ್ಲವೆಂಬುದು ಈ ತಾಯಿಗೆ ಹೇಗೆ ತಿಳಿಯಿತೋ. "ಇಷ್ಟ್ಯಾಕ್ರೀ ಅವ್ವಾರ? ಇಬ್ಬರು ಉಂಡ್ರೂ ಉಳೀತದ."

"ನಿನಗಲ್ಲಪ. ಬರಾಕಾಗ."

"ಹೌದ್ರೀ? ನಾಳಿ ಕುರಿಯರಿನವರಿಗಿ ಕೊಡ್ತೀನ್ರೀ."

ಪಡಸಾಲೆಯಲ್ಲಿ ಕೂತಿದ್ದ ವಿಶ್ವನಾಥಪ್ಪ ಗಂಟಲು ಸರಿಮಾಡಿಕೊಂಡರು. ಅವರ ಎರಡೂ ಕಡೆ ರಾಚಯ್ಯ, ಮಾಣಿಕಪ್ಪ ಕೂತಿದ್ದರು, ಹೆಣ್ಣು ನೋಡಲು ಬಂದವರಂತೆ.

"ಕುರಿಯರಿನಂವಾ ತಿನ್ನೂ ಪದಾರ್ಥ ಪರದೇಶಕ್ಕ ತಗೊಳ್ಳಂಗಿಲ್ಲ ಅಂದ ನಾಗನಾಥ. ಮಾಣಿಕಪ್ಪಣ್ಣ ಮೂರು ಕಡಿ ಕೇಳಿ ಬಂದಾನ."

"ನಾಕು ಕಡಿ," ಎಂದ ಮಾಣಿಕಪ್ಪ.

"ಮತ್ತ ಅವ್ವ ಅಂದ್ಳು, ಊಟ ಒಬ್ಬಾನೇ ಕುಂತು ಉಣ್ಣೂದಲ್ಲ, ಬಡಿಸೋರು ಬೇಕು ಅಂತ. ಚಂದ್ರಭಾಗಾ ಕರಾರಿನಾಗ ಅದನೂ ಬರದಾಳ, ಮಾಲಕರ ಮನಿ ಮನಿಷ್ಯಾ ಒಬ್ಬಾಂವ ಕೈಯಾರೆ ನೀಡಬೇಕು ಅಂತ. ಅಲ್ಲಿ ಇಳಿದ ಕೂಡ್ಲೇ ವೀಸಾ ಸಿಗ್ತದಂತ. ಟಿಕೀಟು ಆಗ್ಯಾದ. ಬುಧವಾರ ಹೋಗೂದು, ನೀಡೂದು, ಶನಿವಾರ ಬರೂದು."

ನಾಗನಾಥ ಬುತ್ತಿಯನ್ನು ಎದೆಗೆ ಒತ್ತಿಕೊಂಡು ನಿಂತ. ಬಾಯಿ ಬರಾಕಾನ ಬಾಯಿಯಂತೆಯೇ ತೆರೆದು ನಿಂತಿತ್ತು. "ನಾ... ಹಂಗಾದ್ರ ಒಂದು ಸಲ ಹೋಗಿ ಬಂದ್ರ..."

"ಒಂದು ಸಲ ಹೆಂಗಾತೋ?" ವಿಶ್ವನಾಥಪ್ಪ ಪ್ರೀತಿಯಿಂದ ನಕ್ಕರು. "ಬರಾಕಾ ಒಬ್ಬಾನೇ ಏನು ಮಾಡ್ಯಾನು? ತೂಕದಂವಾ ಬೇಕು, ಗೋದಾಮಿನಂವಾ ಬೇಕು, ಬಂದರಿನಾಗ ಕಾಗದ ನೋಡಾಂವ ಬೇಕು. ತಿಂಗಳಿಗೊಬ್ಬಾನ್ನ ಹಚ್ಚೂದು ಅಂತ ಠರಾಯಿಸೀವಿ. ಮೊದಲ ನೀ ಅಲ್ಲೇ ಕುಂದ್ರಬೇಕಾಗಿತ್ತು. ಈಗ ಪ್ರತಿ ಸಲ ಮನಿಗಿ ಬರ್ತೀ. ನಿನ್ನ ಉಪಾಯದಿಂದ ನಿನಗೇ ಎಷ್ಟು ಚಲೋ ಆತು ನೋಡು."

"ಹೋಗೂದಕ್ಕೊಂದು ಕಾಗದದ ಚೀಲ, ಬರೂದಕ್ಕೊಂದು ಚೀಲ," ಎಂದ ಮಾಣಿಕಪ್ಪ ಮೆಲ್ಲಗೆ.

ರಾಚಯ್ಯ ಈ ಸಲ ನಗಲಿಲ್ಲ. ಎದ್ದು ಬಂದು ನಾಗನಾಥನ ಭುಜದ ಮೇಲೆ ಕೈಯಿಟ್ಟು, "ನಿಲಂಗಾ ಬಸ್ಸಿನ ಕಂಡಕ್ಟರ್ ಒಬ್ಬಾಂವ ನನಗ ಪರಿಚಯ," ಎಂದರು. ಅದರಿಂದ ಏನು ಪ್ರಯೋಜನವೆಂದು ಅವರಿಗೂ ಗೊತ್ತಿರಲಿಲ್ಲ. ಏನಾದರೂ ಹೇಳಬೇಕು ಎನಿಸಿತ್ತು, ಅಷ್ಟೇ.

ಎಲ್ಲರೂ ಟಿಕೀಟಿನ ಮಾತಿಗೆ ತಿರುಗಿದಾಗ ಶಿವಗಂಗಾಬಾಯಿ ಅವನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

"ಬ್ಯಾರೆ ಯಾರನರ ಕಳಸಬಹುದಾಗಿತ್ತು," ಎಂದರು ತಗ್ಗಿದ ದನಿಯಲ್ಲಿ. "ಖರೆ, ನೀ ಮೊದಲ ಸಲ ಈ ಮನ್ಯಾಗ ಉಂಡದ್ದು ನನಗ ನೆನಪದ. ನಾಚಿಕೊಂಡು ಎರಡು ರೊಟ್ಟಿ ಸಾಕು ಅಂದಿ, ಏಳು ತಿಂದಿ. ಆ ಪೋರನೂ ನಾಚಿಕೊಂತಾನ. ನಾಚಿಕಿ ಬಿಡಿಸಿ ನೀಡಾಂವ ಬೇಕು."

ಹೋಗುವುದಿಲ್ಲ ಎಂದು ಹೇಳಲು ತೆರೆದ ನಾಗನಾಥನ ಬಾಯಿ ಹಾಗೇ ಮುಚ್ಚಿಕೊಂಡಿತು.

ಅವರು ಒಲೆಯ ಪಕ್ಕದಿಂದ ಒಂದು ಚಿಕ್ಕ ಹಿತ್ತಾಳೆ ಡಬ್ಬಿ ತಂದು, ಬುತ್ತಿಯ ಮೇಲೆ ಇಟ್ಟು, ಮುಚ್ಚಳವನ್ನು ಬೆರಳಷ್ಟು ಸರಿಸಿದರು. ಬೆಳಿಗ್ಗೆ ಟೇಬಲ್ಲಿನ ಮೇಲೆ ಸುರಿದಿದ್ದ ಸ್ಯಾಂಪಲ್ಲಿನ ತೊಗರಿಯನ್ನು ಆರಿಸಿ ತರಿಸಿ, ನೆನೆಹಾಕಿ, ಉಪ್ಪು ಹಾಕಿ ಕುದಿಸಿದ್ದರು. ಮೇಲೊಂದಿಷ್ಟು ಕುಸುಬೆ ಎಣ್ಣೆ. ಮೊದಲ ಮಳೆ ಬಿದ್ದ ಮಣ್ಣಿನಂಥ, ಆಗತಾನೇ ಕಾಯಿಸಿದ ಹಾಲಿನಂಥ ಆ ವಾಸನೆ ಮೇಲೆದ್ದಿತು.

"ಇದು ನಿನಗ," ಎಂದರು ಶಿವಗಂಗಾಬಾಯಿ. ಸೆರಗಿನ ಗಂಟು ಬಿಚ್ಚಿ, ಒಂದು ಲಿಂಬೆಹಣ್ಣು ತೆಗೆದು ಡಬ್ಬಿಯ ಪಕ್ಕದಲ್ಲಿಟ್ಟು, ಒಲೆಯ ಕಡೆ ಹೋದರು.